ಏಳು ತಂತಿಯ ಪಿಟೀಲು ಚೌಡಯ್ಯ

ಮೈಸೂರಿನಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಒಂದಾಗುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಬಂದು ಸೇರುವುದೆಂಬುದು ಜನರ ನಂಬಿಕೆ. ಆದುದರಿಂದಲೇ ಆ ತಾಣಕ್ಕೆ ತ್ರಿಮಕುಟವೆಂದೂ ತಿರುಮಕೂಡಲು ಎಂದೂ ಹೆಸರು ಬಂದಿದೆ. ಸಂಗಮದ ದಡದಲ್ಲಿ ಅಗಸ್ತ್ಯೇಶ್ವರನ ಪ್ರಾಚೀನ ದೇವಾಲಯವಿದೆ. ಈ ಪುಣ್ಯಕ್ಷೇತ್ರದಲ್ಲಿ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ಎಂಬ ದಂಪತಿಗಳ ಮಗನಾಗಿ 1895ರಲ್ಲಿ ಚೌಡಯ್ಯನವರು ಜನಿಸಿದರು. ಮುಂದೆ ದಕ್ಷಿಣ ಭಾರತದ ಸಂಗೀತ ಪ್ರಪಂಚವೆಲ್ಲವೂ ಅವರನ್ನು ಮೈಸೂರು ಚೌಡಯ್ಯನೆಂದು ಗೌರವಿಸಿತು. ಕನ್ನಡ ನಾಡಿನ ಜನ ಪಿಟೀಲು ಚೌಡಯ್ಯನೆಂದು ಪ್ರೀತಿಯಿಂದ ಕರೆದರು.

ಬಾಲ್ಯದಲ್ಲಿಯೇ ಚೌಡಯ್ಯನವರ ಮನಸ್ಸು ಸಂಗೀತದ ಕಡೆಗೆ ಒಲಿಯಿತು. ಅಂದಿನ ಮೈಸೂರು ಸಂಗೀತದ ರಾಜಧಾನಿಯಾಗಿತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪ ಮೊದಲಾದ ವಿದ್ವಾಂಸರು ಅರಮನೆಯ ಆಶ್ರಯದಲ್ಲಿ ಬೆಳಗುತ್ತಿದ್ದ ಕಾಲ ಅದು. 1910ರಲ್ಲಿ ಬಾಲಕ ಚೌಡಯ್ಯ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯನಾಗಿ ಸೇರಿದನು. ಕೃಷ್ಣಪ್ಪನವರು ಅಂದಿನ ದಕ್ಷಿಣ ಕನ್ನಡದ ನಂದಳಿಕೆಯಿಂದ ಬಂದವರು. ಬಡತನದಲ್ಲಿ ಬೆಂದು, ಸ್ವಂತ ಸಾಧನೆಯಿಂದ ಮೇಲೆ ಬಂದವರು. ಕಚೇರಿಗಳಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟ ಕೀರ್ತಿ ಅವರದು. ಶಿಷ್ಯವಾತ್ಸಲ್ಯ ಎಷ್ಟಿತ್ತೋ ಶಿಸ್ತು ಅಷ್ಟೇ ಕಠಿಣವಾಗಿತ್ತು. ಪಾಠದಲ್ಲಿ ಕಿಂಚಿತ್ತು ಲೋಪವನ್ನೂ ಅವರು ಸಹಿಸುತ್ತಿರಲಿಲ್ಲ.

ಚೌಡಯ್ಯನವರು ಎಂಟು ವರ್ಷಗಳ ಕಾಲ ಗುರುಕುಲದಲ್ಲಿದ್ದು ವಿದ್ಯೆಯನ್ನು ಸಂಪಾದಿಸಿದರು. ಒಂದೇ ಪಾಠವನ್ನು ನೂರಾರು ಬಾರಿ ನುಡಿಸುವುದು, ಬೆರಳು ನೋಯುವವರೆಗೆ ಸಾಧನೆ ಮಾಡುವುದು, ಗುರುವಿನ ಹಾಡಿಕೆಯ ಪ್ರತಿಯೊಂದು ತಿರುವನ್ನೂ ಪಿಟೀಲಿನಲ್ಲಿ ಹಿಡಿಯುವುದು ಅವರ ದಿನಚರಿಯಾಯಿತು. ಕಮಾನಿನ ಮೇಲೆ ಅವರಿಗೆ ದೊರೆತ ಹಿಡಿತವೆಲ್ಲ ಈ ತಪಸ್ಸಿನ ಫಲ. ಕ್ರಮೇಣ ಅವರು ಗುರುಗಳ ಕಚೇರಿಗಳಿಗೇ ಪಕ್ಕವಾದ್ಯ ನುಡಿಸುವಷ್ಟು ಸಮರ್ಥರಾದರು.

ಪಿಟೀಲು ಮೂಲತಃ ನಮ್ಮ ದೇಶದ ವಾದ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರು ಈ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿಕೊಂಡರು. ಗಮಕಗಳನ್ನು ಕಂಠದಷ್ಟೇ ಸ್ಪಷ್ಟವಾಗಿ ನುಡಿಸಬಲ್ಲ ಗುಣವಿದ್ದುದರಿಂದ ಅದು ಬೇಗನೆ ಹಾಡುಗಾರಿಕೆಯ ಸಂಗಾತಿಯಾಯಿತು. ಆದರೆ ಅದಕ್ಕೊಂದು ಕೊರತೆಯಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಚೇರಿಗಳು ಅರಮನೆಯ ತೊಟ್ಟಿಗಳನ್ನೂ ಮನೆಯ ಹಜಾರಗಳನ್ನೂ ಬಿಟ್ಟು ದೊಡ್ಡ ಸಭಾಂಗಣಗಳಿಗೂ ದೇವಾಲಯದ ಚಪ್ಪರಗಳಿಗೂ ಬಂದವು. ನೂರಾರು ಜನ ಕುಳಿತು ಕೇಳತೊಡಗಿದರು. ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಗಾಯಕರ ತುಂಬುಕಂಠ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು. ನಾಲ್ಕು ತಂತಿಯ ಪಿಟೀಲಿನ ನಾದ ನಡುವಿನಲ್ಲಿಯೇ ಕರಗಿಹೋಗುತ್ತಿತ್ತು.

ಈ ಕೊರತೆ ಚೌಡಯ್ಯನವರನ್ನು ಬಹುವಾಗಿ ಕಾಡಿತು. ಕಷ್ಟಪಟ್ಟು ಕಲಿತ ವಿದ್ಯೆ ಮುಂದಿನ ಸಾಲಿನಲ್ಲಿ ಕುಳಿತ ಕೆಲವರಿಗೆ ಮಾತ್ರ ಕೇಳಿಸಿದರೆ ಸಾರ್ಥಕವಾಗುವುದೆಂತು? ಬಹುಕಾಲ ಚಿಂತಿಸಿ, ಪ್ರಯೋಗಗಳನ್ನು ನಡೆಸಿ, 1927ರಲ್ಲಿ ಅವರು ಏಳು ತಂತಿಯ ಪಿಟೀಲನ್ನು ರೂಪಿಸಿದರು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಸೇರಿಸಿ, ಅದನ್ನು ಮೂಲತಂತಿಗಿಂತ ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿ ಮಾಡಿದರು. ಕಮಾನು ಒಮ್ಮೆ ಹರಿದರೆ ಎರಡು ಸ್ಥಾಯಿಗಳಲ್ಲಿ ಒಂದೇ ಸ್ವರ ಏಕಕಾಲಕ್ಕೆ ನುಡಿಯುತ್ತಿತ್ತು. ಇಬ್ಬರು ಸೇರಿ ನುಡಿಸುತ್ತಿರುವಂತೆ ನಾದ ತುಂಬಿಕೊಂಡು ಬರುತ್ತಿತ್ತು.

ಇದು ಹೇಳಿದಷ್ಟು ಸುಲಭವಾದ ಕಾರ್ಯವಲ್ಲ. ಬೆರಳು ಒಂದು ತಂತಿಯ ಬದಲು ಎರಡನ್ನು ಸಮನಾಗಿ ಒತ್ತಬೇಕು; ಒಂದು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಹೊರಡುತ್ತದೆ. ಏಳು ತಂತಿಗಳನ್ನೂ ಶ್ರುತಿಯಲ್ಲಿ ನಿಲ್ಲಿಸುವುದು ಮತ್ತೊಂದು ಪರಿಶ್ರಮ. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಗುರುಗಳ ಅನುಮತಿಯದು. ಪರಂಪರೆಯಿಂದ ಬಂದ ವಾದ್ಯದ ರೂಪವನ್ನು ಶಿಷ್ಯನೊಬ್ಬ ಬದಲಾಯಿಸುವುದನ್ನು ಆ ಕಾಲದಲ್ಲಿ ಯಾವ ಗುರುವೂ ಸುಲಭವಾಗಿ ಒಪ್ಪುವಂತಿರಲಿಲ್ಲ. ಚೌಡಯ್ಯನವರು ಹೊಸ ವಾದ್ಯವನ್ನು ಕೆಲವು ಕಾಲ ಗುಟ್ಟಾಗಿಯೇ ಸಾಧನೆ ಮಾಡಿದರೆಂದೂ, ಮೊದಲು ಅಸಮಾಧಾನಗೊಂಡ ಕೃಷ್ಣಪ್ಪನವರು ಅದರ ನಾದಸೌಖ್ಯವನ್ನು ಕೇಳಿದ ಮೇಲೆ ಒಪ್ಪಿ ಹರಸಿದರೆಂದೂ ಸಂಗೀತಗಾರರ ವಲಯದಲ್ಲಿ ಹೇಳುತ್ತಾರೆ. ಗುರುಭಕ್ತಿಯನ್ನು ಬಿಡದೆ, ತನ್ನ ಅನ್ವೇಷಣೆಯನ್ನೂ ಕೈಬಿಡದೆ ನಡೆದ ಶಿಷ್ಯನ ತಾಳ್ಮೆ ಇದರಲ್ಲಿ ಕಾಣುತ್ತದೆ. 1931ರಲ್ಲಿ ಕೃಷ್ಣಪ್ಪನವರು ನಿಧನರಾದ ಮೇಲೆ, ಅವರು ಮೈಸೂರಿನಲ್ಲಿ ಕಟ್ಟಿಸಿದ್ದ ಪ್ರಸನ್ನ ಸೀತಾರಾಮ ಮಂದಿರದ ಸಂಗೀತ ಸೇವೆಯನ್ನು ಚೌಡಯ್ಯನವರು ಶ್ರದ್ಧೆಯಿಂದ ಮುಂದುವರಿಸಿದರು.

ಹೊಸ ವಾದ್ಯದೊಂದಿಗೆ ಚೌಡಯ್ಯನವರ ಕೀರ್ತಿ ದಕ್ಷಿಣ ಭಾರತದಾದ್ಯಂತ ಹಬ್ಬಿತು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಜಿ. ಎನ್. ಬಾಲಸುಬ್ರಹ್ಮಣ್ಯಂ, ಚೆಂಬೈ ವೈದ್ಯನಾಥ ಭಾಗವತರು ಮೊದಲಾದ ಮಹಾಗಾಯಕರಿಗೆ ಅವರು ಪಕ್ಕವಾದ್ಯ ನುಡಿಸಿದರು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಚೌಡಯ್ಯ ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಕೊಂಡಾಡಿದರು. ಏಳು ತಂತಿಯ ನಾದ ಭಾರವಾಯಿತೆಂದು ಆಕ್ಷೇಪಿಸಿದವರೂ ಇಲ್ಲದಿಲ್ಲ. ಚೌಡಯ್ಯನವರು ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ; ವಾದನದಿಂದ ಕೊಟ್ಟರು. ಚೆಂಬೈ ಅವರ ಗಂಭೀರವಾದ ಕಂಠಕ್ಕೆ ಚೌಡಯ್ಯನವರ ತುಂಬುನಾದ ಹೇಳಿ ಮಾಡಿಸಿದಂತೆ ಹೊಂದುತ್ತಿತ್ತು. ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದರೆ ಆ ಕಚೇರಿ ರಸಿಕರಿಗೆ ಹಬ್ಬವೇ ಆಗುತ್ತಿತ್ತು.

ಈ ವೇಳೆಗೆ ನಮ್ಮ ನಾಡಿನಲ್ಲಿ ಮತ್ತೊಂದು ಹೊಸ ಕಲೆ ಬೇರೂರುತ್ತಿತ್ತು. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರವಾದ ಸತಿ ಸುಲೋಚನ ತೆರೆಗೆ ಬಂದಿತ್ತು. ಮಾತು ಮತ್ತು ಹಾಡುಗಳನ್ನು ಚಿತ್ರದೊಡನೆ ಮುದ್ರಿಸುವ ಉಪಾಯ ಸಿದ್ಧವಾದುದರಿಂದ ಶಾಸ್ತ್ರೀಯ ಸಂಗೀತಗಾರರಿಗೂ ತೆರೆಯ ಬಾಗಿಲು ತೆರೆಯಿತು. ಮುಸಿರಿಯವರು 1938ರ ತುಕಾರಾಂ ಚಿತ್ರದಲ್ಲಿಯೂ, ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರು 1940ರ ಶಕುಂತಲೈ ಚಿತ್ರದಲ್ಲಿಯೂ ನಟಿಸಿ ಹಾಡಿದರು. ಆದರೆ ಈ ಅವಕಾಶ ಹೆಚ್ಚಾಗಿ ದೊರೆತದ್ದು ಗಾಯಕರಿಗೆ. ನಾಗಸ್ವರದ ಟಿ. ಎನ್. ರಾಜರತ್ನಂ ಪಿಳ್ಳೆಯವರಂತಹ ಒಬ್ಬಿಬ್ಬರನ್ನು ಬಿಟ್ಟರೆ ವಾದ್ಯಗಾರರು ತೆರೆಯ ಮೇಲೆ ಕಾಣಿಸಿಕೊಂಡದ್ದು ವಿರಳ.

ಸಭಾಂಗಣದ ಕೊನೆಯ ಸಾಲಿಗೆ ನಾದವನ್ನು ಮುಟ್ಟಿಸಲು ಹೆಣಗಿದ ಚೌಡಯ್ಯನವರು ಈಗ ಸಭಾಂಗಣದ ಆಚೆಗೂ ಅದನ್ನು ಒಯ್ಯಬಲ್ಲ ಸಾಧನವನ್ನು ಕೈಗೆತ್ತಿಕೊಂಡರು. ಅಂದಿನ ಕೋಲಾರ ಜಿಲ್ಲೆಯ ಜಂಗಮಕೋಟೆಯಂತಹ ಊರಿನ ರೈತನೊಬ್ಬ ಹೊಲಮನೆಗಳನ್ನು ಬಿಟ್ಟು ಮೈಸೂರಿನ ಕಚೇರಿಗೋ ಮದರಾಸಿನ ಸಭೆಗೋ ಹೋಗುವುದು ಅಂದು ಸುಲಭಸಾಧ್ಯವಲ್ಲ. ಸಿನಿಮಾ ಡಬ್ಬಿಯಾದರೋ ರೈಲಿನಲ್ಲಿ ಬಂದು, ಗಾಡಿಯಲ್ಲಿ ಸಾಗಿ, ಡೇರೆಯಲ್ಲಿಯೂ ಪ್ರದರ್ಶನಗೊಳ್ಳಬಲ್ಲುದು. 1943ರಲ್ಲಿ ಚೌಡಯ್ಯನವರು ವಾಣಿ ಎಂಬ ಕನ್ನಡ ಚಿತ್ರವನ್ನು ನಿರ್ಮಿಸಿದರು. ಕನ್ನಡ ವೃತ್ತಿರಂಗಭೂಮಿಯಲ್ಲಿ ಹೆಸರಾಗಿದ್ದ ಕೆ. ಹಿರಣ್ಣಯ್ಯನವರು ಅದನ್ನು ನಿರ್ದೇಶಿಸಿದರು. ಮುಂದೆ ಬೇಡರ ಕಣ್ಣಪ್ಪ ಮೊದಲಾದ ಚಿತ್ರಗಳ ನಾಯಕಿಯಾಗಿ ಮನೆಮಾತಾದ ಪಂಡರಿಬಾಯಿಯವರು ಚಿತ್ರರಂಗವನ್ನು ಪ್ರವೇಶಿಸಿದ್ದು ಈ ವಾಣಿಯ ಮೂಲಕವೇ.

ಈ ಚಿತ್ರದಲ್ಲಿ ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ ಇವುಗಳಿಂದ ಕೂಡಿದ ಕಚೇರಿಯೊಂದನ್ನು ಸೇರಿಸಲಾಯಿತು. ಕಚೇರಿಯಲ್ಲಿ ನುಡಿಸುವುದಕ್ಕೂ ಚಿತ್ರಕ್ಕಾಗಿ ನುಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಕಚೇರಿಯಲ್ಲಿ ವಿದ್ವಾಂಸನು ಮನೋಧರ್ಮಕ್ಕೆ ತಕ್ಕಂತೆ ರಾಗವನ್ನು ವಿಸ್ತರಿಸಬಹುದು. ರಸಿಕರ ತಲೆದೂಗುವಿಕೆ ಅವನಿಗೆ ಸ್ಫೂರ್ತಿ ನೀಡುತ್ತದೆ. ಚಿತ್ರದ ಸುರುಳಿಯಾದರೋ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. 1,000 ಅಡಿಯ ಸುರುಳಿ ಹನ್ನೊಂದು ನಿಮಿಷಗಳಲ್ಲಿ ಮುಗಿಯುತ್ತದೆ. ವಾದ್ಯದ ಕಂಪನವು ಮೈಕಿನಲ್ಲಿ ವಿದ್ಯುತ್ತಾಗಿ, ವಿದ್ಯುತ್ತು ಬೆಳಕಿನ ಏರಿಳಿತವಾಗಿ, ಆ ಬೆಳಕು ಫಿಲ್ಮಿನ ಅಂಚಿನಲ್ಲಿ ಸಣ್ಣ ಗೆರೆಯಾಗಿ ಮುದ್ರಿತವಾಗುತ್ತಿತ್ತು. ಗಂಟೆಗಟ್ಟಲೆ ನುಡಿಸಿ ಅಭ್ಯಾಸವಾದ ವಿದ್ವಾಂಸರು ಕೆಲವೇ ನಿಮಿಷಗಳಲ್ಲಿ ಸಾರವನ್ನು ಹಿಡಿದುಕೊಡಬೇಕಾಗಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಚಿತ್ರ ತಯಾರಿಕೆಗೆ ಬೇಕಾದ ಫಿಲ್ಮು ಹೊರದೇಶದಿಂದ ಬರಬೇಕಾಗಿತ್ತು. ಅದರ ಮೇಲೆ ಸರ್ಕಾರದ ಹತೋಟಿಯಿತ್ತು. ಕನ್ನಡ ಚಿತ್ರಗಳ ಮಾರುಕಟ್ಟೆಯೂ ಚಿಕ್ಕದು. ಇಂತಹ ಸನ್ನಿವೇಶದಲ್ಲಿ ಸಂಗೀತದಿಂದ ಗಳಿಸಿದುದನ್ನು ಚಿತ್ರಕ್ಕೆ ತೊಡಗಿಸಿದ ಚೌಡಯ್ಯನವರ ಸಾಹಸ ಸಾಮಾನ್ಯವಾದುದಲ್ಲ. ಚಿತ್ರ ಅವರಿಗೆ ಹಣದ ಲಾಭವನ್ನು ತರಲಿಲ್ಲ. ನಷ್ಟವನ್ನು ಹೊತ್ತ ಅವರು ಮತ್ತೆ ಪಿಟೀಲನ್ನೇ ಎತ್ತಿಕೊಂಡು ಊರಿಂದೂರಿಗೆ ಕಚೇರಿಗಳಿಗೆ ಹೊರಟರು. ಆದರೆ ಕರ್ನಾಟಕ ಸಂಗೀತದ ಮೂವರು ಮಹಾವಿದ್ವಾಂಸರ ಕೂಟಕ್ಕೆ ಕನ್ನಡ ಚಿತ್ರವೊಂದರಲ್ಲಿ ಸ್ಥಾನ ಕಲ್ಪಿಸಿದ ಗೌರವ ಅವರಿಗೆ ಸಂದಿತು.

ಅವರು ಹಿಡಿದ ದಾರಿ ಅಲ್ಲಿಗೇ ನಿಲ್ಲಲಿಲ್ಲ. 1962ರ ಕೊಂಜುಂ ಸಲಂಗೈ ಎಂಬ ತಮಿಳು ಚಿತ್ರಕ್ಕಾಗಿ ಕಾರುಕುರಿಚ್ಚಿ ಅರುಣಾಚಲಂ ಅವರ ನಾಗಸ್ವರ, ಎಸ್. ಜಾನಕಿಯವರ ಕಂಠದೊಡನೆ ಮುದ್ರಿತವಾಗಿ ಜನಪ್ರಿಯವಾಯಿತು. 1977ರಲ್ಲಿ ತೆರೆಕಂಡ ಕನ್ನಡದ ಸನಾದಿ ಅಪ್ಪಣ್ಣ ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾಖಾನರು ಶಹನಾಯಿ ನುಡಿಸಿದರು. ವಾದ್ಯ ಸಂಗೀತವನ್ನು ಚಿತ್ರರಂಗವು ಆದರದಿಂದ ಬರಮಾಡಿಕೊಂಡ ಈ ಪ್ರಸಂಗಗಳಿಗೆ ಎಷ್ಟೋ ವರ್ಷಗಳ ಮೊದಲೇ ಚೌಡಯ್ಯನವರು ಅಂತಹ ಪ್ರಯತ್ನಕ್ಕೆ ಕೈಹಾಕಿದ್ದರು.

ಚೌಡಯ್ಯನವರು ವಾದಕರು ಮಾತ್ರವಲ್ಲ, ವಾಗ್ಗೇಯಕಾರರೂ ಹೌದು. ಹುಟ್ಟಿದ ಕ್ಷೇತ್ರದ ಹೆಸರಾದ ತ್ರಿಮಕುಟ ಎಂಬ ಅಂಕಿತದಲ್ಲಿ ಅವರು ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಅನೇಕರಿಗೆ ವಿದ್ಯಾದಾನ ಮಾಡಿದರು. ವಿ. ಸೇತುರಾಮಯ್ಯ, ಆರ್. ಕೆ. ವೆಂಕಟರಾಮ ಶಾಸ್ತ್ರಿ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಅವರ ಶಿಷ್ಯರಲ್ಲಿ ಪ್ರಮುಖರು. ಏಳು ತಂತಿಯ ಪಿಟೀಲಿನ ಪರಂಪರೆಯನ್ನು ಬೆಂಗಳೂರಿನ ಆರ್. ಆರ್. ಕೇಶವಮೂರ್ತಿಯವರು ದೀರ್ಘಕಾಲ ಉಳಿಸಿಕೊಂಡು ಬಂದರು.

ಪ್ರಶಸ್ತಿ ಗೌರವಗಳು ಚೌಡಯ್ಯನವರನ್ನು ಅರಸಿಕೊಂಡು ಬಂದವು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿ ಅವರು ಸಂಗೀತರತ್ನ ಎಂಬ ಬಿರುದಿಗೆ ಪಾತ್ರರಾದರು. 1957ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅದೇ ವರ್ಷ ಮದರಾಸಿನ ಸಂಗೀತ ಅಕಾಡೆಮಿಯು ಅವರಿಗೆ ಸಂಗೀತ ಕಲಾನಿಧಿ ಗೌರವವನ್ನು ಸಲ್ಲಿಸಿತು. ಗಾಯಕರ ಪಕ್ಕದಲ್ಲಿ ಕುಳಿತು ನುಡಿಸುವ ಕಲಾವಿದರೊಬ್ಬರು ಸಂಗೀತ ಪ್ರಪಂಚದ ಅಗ್ರಪೀಠವನ್ನು ಏರಿದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ.

1967ರ ಜನವರಿ 19ರಂದು ಚೌಡಯ್ಯನವರು ಇಹಲೋಕವನ್ನು ತ್ಯಜಿಸಿದರು. ಅವರ ನೆನಪಿಗಾಗಿ ಕೆ. ಕೆ. ಮೂರ್ತಿಯವರು ಬೆಂಗಳೂರಿನ ಮಲ್ಲೇಶ್ವರದ ಸಮೀಪದಲ್ಲಿ ಭವ್ಯವಾದ ಸಭಾಭವನವೊಂದನ್ನು ಕಟ್ಟಿಸಿದರು. 1980ರಲ್ಲಿ ಆರಂಭವಾದ ಈ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿಯೇ ಇದೆ. ತಂತಿಗಳು, ಬಿರಡೆಗಳು, ಕಮಾನು ಎಲ್ಲವನ್ನೂ ಅದರ ಹೊರರೂಪದಲ್ಲಿ ಕಾಣಬಹುದು.

ಇಂದು ಮೈಕು, ಮುದ್ರಣಯಂತ್ರಗಳು ಸಣ್ಣ ನಾದವನ್ನೂ ದೂರಕ್ಕೆ ಒಯ್ಯಬಲ್ಲವು. ಆದುದರಿಂದ ಏಳು ತಂತಿಯ ಪಿಟೀಲನ್ನು ನುಡಿಸುವವರು ಬಲು ವಿರಳ. ಆದರೂ ಚೌಡಯ್ಯನವರ ಸಾಧನೆಯ ಬೆಲೆ ಕುಂದಿಲ್ಲ. ಚೆಂಬೈ ಅವರೊಡನೆ ಅವರು ನುಡಿಸಿದ ಕಚೇರಿಗಳ ಧ್ವನಿಮುದ್ರಣಗಳನ್ನು ಕೇಳಿದಾಗ ಆ ತುಂಬುನಾದದ ವೈಭವ ಇಂದಿಗೂ ಅನುಭವಕ್ಕೆ ಬರುತ್ತದೆ. ಕಲಾವಿದನು ಕಲಿತರೆ ಸಾಲದು. ಕಲಿತದ್ದು ಕೇಳುಗರಲ್ಲಿ ಕಟ್ಟಕಡೆಯವನಿಗೂ ತಲುಪಬೇಕು. ಆ ಉದ್ದೇಶಕ್ಕಾಗಿ ಚೌಡಯ್ಯನವರು ವಾದ್ಯವನ್ನು ತಿದ್ದಿದರು, ಟೀಕೆಯನ್ನು ಸಹಿಸಿದರು, ಗಳಿಸಿದ ಹಣವನ್ನೂ ಒಡ್ಡಿದರು. ಅವರ ಬಾಳಿನ ಹಿರಿಮೆ ಇರುವುದು ಇಲ್ಲಿಯೇ.