ಬೋಲ್ಟ್ ಮುರಿದದ್ದು ಆ ದಿನ ಅಲ್ಲ: ಆಗಸ್ಟ್ ವೋಲರ್ ಅವರ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ಸೈಕಲ್ ತಗೊಂಡು ಹೋದ ರೂಮ್‌ಮೇಟ್ ಲೈಬ್ರರಿ ಹತ್ತಿರದ ಹಂಪ್ ಮೇಲೆ ಬಿದ್ದ. ಹ್ಯಾಂಡಲ್ ಹಿಡಿದುಕೊಳ್ಳೋ ಸ್ಟೆಮ್‌ನಲ್ಲಿ ಎರಡು ಬೋಲ್ಟ್ ಇರುತ್ತೆ. ಅದರಲ್ಲಿ ಒಂದು ಕಟ್ ಆಗಿ, ಹ್ಯಾಂಡಲ್ ಅವನ ಕೈಯಲ್ಲೇ ತಿರುಗಿಬಿಟ್ಟಿತು. ಗದ್ದಕ್ಕೆ ನಾಲ್ಕು ಹೊಲಿಗೆ. ಹಂಪ್ ಮೇಲೆ ಸ್ಪೀಡಾಗಿ ಹೋದ, ಅದಕ್ಕೇ ಮುರೀತು ಅಂತ ಎಲ್ಲರೂ ಹೇಳಿದರು. ನಾನೂ ಹೂಂ ಅಂದೆ. ಸೈಕಲ್ ನನ್ನದು, ಹಾಗಾಗಿ ಆ ಮಾತು ನನಗೆ ಅನುಕೂಲವಾಗಿಯೇ ಇತ್ತು.

ಆಮೇಲೆ ಮುರಿದ ಬೋಲ್ಟನ್ನ ಕೈಗೆ ತಗೊಂಡು ನೋಡಿದೆ. ಮುರಿದ ಮುಖದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗೆ, ನಯವಾಗಿತ್ತು. ಉಳಿದ ಭಾಗ ಮಾತ್ರ ಒರಟಾಗಿ, ಹೊಸದಾಗಿ ಹೊಳೀತಿತ್ತು. ಯಾಕೆ ಹೀಗೆ ಅನ್ನೋದು ಗೊತ್ತಾಗಿದ್ದು ಈ ಸೆಮಿಸ್ಟರ್, ಕ್ಲಾಸಲ್ಲಿ ಫಟೀಗ್ ಮತ್ತು ಎಸ್-ಎನ್ ಕರ್ವ್ ಬಂದಾಗ. ಆ ಕರ್ವ್‌ಗೆ ವೋಲರ್ ಕರ್ವ್ ಅಂತ ಇನ್ನೊಂದು ಹೆಸರಿದೆ. ಎಕ್ಸಾಮ್‌ನಲ್ಲಿ ಒಂದು ಗೆರೆ ಎಳೆದು ನಾವು ಮರೆತುಬಿಡೋ ಆ ಹೆಸರಿನ ಹಿಂದೆ ಒಬ್ಬ ರೈಲ್ವೆ ಇಂಜಿನಿಯರ್‌ನ ಹಲವು ವರ್ಷಗಳ ಕೆಲಸ ಇದೆ.

ಆಗಸ್ಟ್ ವೋಲರ್ ಹುಟ್ಟಿದ್ದು 1819ರ ಜೂನ್ 22ರಂದು, ಜರ್ಮನಿಯ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದ ಸೋಲ್ಟೌ ಅನ್ನೋ ಊರಿನಲ್ಲಿ. ಗಣಿತದಲ್ಲಿ ಜಾಣ ಹುಡುಗ. ಹ್ಯಾನೋವರ್‌ನ ತಾಂತ್ರಿಕ ಶಾಲೆಯಲ್ಲಿ ಓದಿದರು. ಓದು ಮುಗಿದ ಮೇಲೆ ಬರ್ಲಿನ್‌ನಲ್ಲಿ ರೈಲು ಇಂಜಿನ್ ತಯಾರಿಸುತ್ತಿದ್ದ ಬೋರ್ಸಿಗ್ ಕಾರ್ಖಾನೆಗೆ ಸೇರಿದರು. 1843ರಲ್ಲಿ ಬೆಲ್ಜಿಯಂಗೆ ಹೋಗಿ ಇಂಜಿನ್ ಓಡಿಸೋದನ್ನೂ ಕಲಿತರು. ಅಂದರೆ ಇವರು ಬರೀ ಡ್ರಾಯಿಂಗ್ ಬೋರ್ಡ್ ಇಂಜಿನಿಯರ್ ಅಲ್ಲ. ಹಳಿ ಮೇಲೆ ಇಂಜಿನ್ ಹೇಗೆ ಕುಲುಕುತ್ತೆ ಅನ್ನೋದು ಅವರ ಮೈಗೇ ಗೊತ್ತಿತ್ತು.

ಆಗ ಯುರೋಪಿನಲ್ಲಿ ರೈಲು ಹೊಸದು, ಅದರ ಭಯವೂ ಹೊಸದು. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್‌ಗೆ ವಾಪಸ್ ಬರುತ್ತಿದ್ದ ರೈಲಿನ ಇಂಜಿನ್ನಿನ ಆಕ್ಸಲ್ ಮುರಿಯಿತು. ಇಂಜಿನ್ ಉರುಳಿತು, ಹಿಂದಿನ ಬೋಗಿಗಳು ಒಂದರ ಮೇಲೊಂದು ಏರಿದವು, ಬೆಂಕಿ ಹತ್ತಿಕೊಂಡಿತು. ಬೋಗಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ ಒಳಗಿದ್ದವರು ಇಳಿಯೋಕೆ ಆಗಲಿಲ್ಲ. 50ಕ್ಕೂ ಹೆಚ್ಚು ಜನ ಸತ್ತರು.

ಇಂಜಿನಿಯರ್‌ಗಳಿಗೆ ತಲೆ ಕೆಟ್ಟಿದ್ದು ಇಲ್ಲಿ. ಆಕ್ಸಲ್‌ಗಳ ಮೇಲೆ ಬೀಳುತ್ತಿದ್ದ ಭಾರ ಕಬ್ಬಿಣ ತಡೆಯಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಇತ್ತು. ತಿಂಗಳುಗಟ್ಟಲೆ ಸುಮ್ಮನೆ ಓಡಿದ ಆಕ್ಸಲ್ ಒಂದು ದಿನ, ಬಗ್ಗದೆ ಬಾಗದೆ, ಪಟ್ ಅಂತ ಮುರೀತಿತ್ತು. ಅಲುಗಾಡಿ ಅಲುಗಾಡಿ ಒಳಗಿನ ಕಬ್ಬಿಣ ಹರಳಾಗಿಬಿಡುತ್ತೆ ಅಂತ ಆ ಕಾಲದಲ್ಲಿ ತುಂಬಾ ಜನ ನಂಬಿದ್ದರು. ಮುರಿದ ಜಾಗ ನೋಡೋಕೆ ಹರಳು ಹರಳಾಗಿ ಕಾಣ್ತಿತ್ತು, ಅಷ್ಟೇ. ಆ ನಂಬಿಕೆ ತಪ್ಪು.

1847ರಲ್ಲಿ ವೋಲರ್ ಪ್ರಷ್ಯಾದ ಒಂದು ರೈಲ್ವೆಯಲ್ಲಿ ಇಂಜಿನ್, ಬೋಗಿ ಮತ್ತು ವರ್ಕ್‌ಶಾಪ್‌ಗಳ ಮುಖ್ಯಸ್ಥರಾದರು. ಮುರಿದ ಆಕ್ಸಲ್‌ಗಳು ಬಂದು ಬೀಳುತ್ತಿದ್ದದ್ದು ಅವರ ವರ್ಕ್‌ಶಾಪ್‌ಗೇ. ಸರ್ಕಾರವೂ ಇದರ ಕಾರಣ ಹುಡುಕಲು ಅವರಿಗೆ ಹೇಳಿತು. ಅವರು ಊಹೆ ಮಾಡುತ್ತಾ ಕೂರಲಿಲ್ಲ, ಮೊದಲು ಅಳತೆ ಮಾಡಿದರು. ಓಡುತ್ತಿರೋ ಬೋಗಿಯ ಆಕ್ಸಲ್ ಎಷ್ಟು ಬಾಗುತ್ತೆ ಅನ್ನೋದನ್ನ ಸತುವಿನ ತಗಡಿನ ಮೇಲೆ ಗೀರಿ ತೋರಿಸೋ ಸಾಧನವನ್ನ ತಾವೇ ಮಾಡಿಕೊಂಡರು. ಅದನ್ನ ನಿಜವಾದ ಪ್ರಯಾಣಗಳಲ್ಲೇ ಓಡಿಸಿ, ಫಲಿತಾಂಶಗಳನ್ನ 1858 ಮತ್ತು 1860ರಲ್ಲಿ ಪ್ರಕಟಿಸಿದರು.

ಆಮೇಲೆ ವರ್ಕ್‌ಶಾಪ್‌ನಲ್ಲೇ ಒಂದು ಮಷೀನ್ ಕಟ್ಟಿದರು. ಕಬ್ಬಿಣದ ತುಂಡಿನ ಒಂದು ತುದಿಯನ್ನ ಸ್ಪ್ರಿಂಗ್‌ನಿಂದ ಎಳೆದು ಬಗ್ಗಿಸಿಟ್ಟು, ತುಂಡನ್ನ ತಿರುಗಿಸುತ್ತಾ ಇರೋದು. ಪ್ರತಿ ಸುತ್ತಿನಲ್ಲೂ ಅದರ ಮೇಲ್ಮೈ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಗುತ್ತೆ, ರೈಲಿನ ಆಕ್ಸಲ್‌ಗೆ ಆಗೋ ಹಾಗೇ. ಮುರಿಯೋವರೆಗೆ ಎಷ್ಟು ಸುತ್ತು ಅಂತ ಎಣಿಸಬೇಕು. ಭಾರ ಕಡಿಮೆ ಮಾಡಿ ಮತ್ತೆ ಮೊದಲಿಂದ ಎಣಿಸಬೇಕು. ಸೆಕೆಂಡಿಗೆ ಒಂದು ಸುತ್ತು ಅಂತ ಇಟ್ಟುಕೊಂಡರೆ ಒಂದು ಕೋಟಿ ಸುತ್ತಿಗೆ ಹಗಲು ರಾತ್ರಿ ಸೇರಿ ಸುಮಾರು 116 ದಿನ ಬೇಕು. ಕೆಲವು ತುಂಡುಗಳನ್ನ ಕೋಟಿಗಟ್ಟಲೆ ಸುತ್ತಿಸಿದರು. ಒಂದು ಗಂಟೆ ಲ್ಯಾಬ್‌ನಲ್ಲಿ ರೀಡಿಂಗ್ ಬರಲಿಲ್ಲ ಅಂದರೆ ಪಕ್ಕದ ಬ್ಯಾಚ್‌ನಿಂದ ಕಾಪಿ ಹೊಡೆಯೋ ನಮಗೆ ಈ ತಾಳ್ಮೆ ಸ್ವಲ್ಪ ನಾಚಿಕೆ ತರಿಸಬೇಕು.

1870ರ ಹೊತ್ತಿಗೆ ಅವರು ಕಂಡುಕೊಂಡಿದ್ದು ಇಷ್ಟು. ಒಂದೇ ಸಲಕ್ಕೆ ಮುರಿಯೋಕೆ ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವೂ ಮತ್ತೆ ಮತ್ತೆ ಬಿದ್ದರೆ ಲೋಹ ಮುರಿಯುತ್ತೆ. ಅದರಲ್ಲೂ ಸ್ಟ್ರೆಸ್ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತೆ ಅನ್ನೋ ಅಂತರವೇ ಮುಖ್ಯ. ಕಬ್ಬಿಣ ಮತ್ತು ಉಕ್ಕಿಗೆ ಒಂದು ಮಿತಿ ಇದೆ, ಏರಿಳಿತ ಅದಕ್ಕಿಂತ ಕೆಳಗಿದ್ದರೆ ಎಷ್ಟು ಸುತ್ತು ತಿರುಗಿಸಿದರೂ ಅವು ಮುರಿಯಲ್ಲ. ಇನ್ನೊಂದು ವಿಷಯ, ದಪ್ಪ ಇದ್ದಕ್ಕಿದ್ದಂತೆ ಬದಲಾಗೋ ಚೂಪು ಮೂಲೆಗಳಲ್ಲಿ ಲೋಹ ಬೇಗ ಸೋಲುತ್ತೆ.

ಈಗ ನನ್ನ ಬೋಲ್ಟ್‌ಗೆ ಬರೋಣ. ಬೋಲ್ಟ್‌ನ ಪ್ರತಿ ಥ್ರೆಡ್ಡಿನ ಬುಡವೂ ಒಂದು ಚೂಪು ಮೂಲೆ. ಬೋಲ್ಟನ್ನ ಸರಿಯಾಗಿ ಬಿಗಿ ಮಾಡಿದ್ದರೆ ಅದು ಮೊದಲೇ ಜೋರಾಗಿ ಎಳೆದುಕೊಂಡು ಕೂತಿರುತ್ತೆ. ರಸ್ತೆಯ ಕುಲುಕಾಟದ ಹೆಚ್ಚಿನ ಪಾಲನ್ನ ಅದು ಒತ್ತಿ ಹಿಡಿದಿರೋ ಭಾಗಗಳೇ ತಗೊಳ್ಳುತ್ತವೆ, ಬೋಲ್ಟ್‌ಗೆ ಏರಿಳಿತ ಸ್ವಲ್ಪವೇ. ಸಡಿಲ ಇದ್ದರೆ ಪ್ರತಿ ಕುಲುಕಾಟವೂ ನೇರವಾಗಿ ಅದರ ಮೇಲೇ ಬೀಳುತ್ತೆ. ಹಾಗಂತ ಮಿತಿ ಮೀರಿ ತಿರುಗಿಸಿದರೆ ಬಿಗಿ ಮಾಡುವಾಗಲೇ ಬೋಲ್ಟ್ ಹಾಳಾಗುತ್ತೆ, ಇಲ್ಲವೇ ಥ್ರೆಡ್ ಕಿತ್ತುಹೋಗುತ್ತೆ. ನಾನು ಮಾಡಿದ್ದು ಇಷ್ಟು: ಹ್ಯಾಂಡಲ್ ಅಡ್ಜಸ್ಟ್ ಮಾಡಿ ಒಂದು ಬೋಲ್ಟನ್ನ ಶಕ್ತಿ ಇದ್ದಷ್ಟು ತಿರುಗಿಸಿದೆ, ಇನ್ನೊಂದನ್ನ ಆಮೇಲೆ ನೋಡೋಣ ಅಂತ ಬಿಟ್ಟೆ. ಎರಡು ವಾರದಿಂದ ಕಿರ್ ಕಿರ್ ಸದ್ದು ಬರುತ್ತಿತ್ತು, ಕೇಳಿಯೂ ಸುಮ್ಮನಿದ್ದೆ. ಬಿಟ್ಟ ಬೋಲ್ಟೇ ಮುರಿದಿತ್ತು. ಬಿರುಕು ದಿನ ದಿನ ಬೆಳೀತಿದ್ದ ಭಾಗವೇ ಆ ಕಪ್ಪು ಭಾಗ. ಹಂಪ್ ಮುರಿದಿದ್ದು ಉಳಿದಿದ್ದ ಹೊಳೆಯೋ ಭಾಗವನ್ನ ಮಾತ್ರ.

ವೋಲರ್ 1869ರಲ್ಲಿ ಆ ಹುದ್ದೆ ಬಿಟ್ಟು, ರೈಲ್ವೆ ಸಾಮಾನು ತಯಾರಿಸೋ ಕಂಪನಿಗೆ ಹೋದರು. 1874ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ ರೈಲ್ವೆ ಆಡಳಿತದಲ್ಲಿದ್ದು, 1889ರಲ್ಲಿ ನಿವೃತ್ತರಾದರು. ಕಬ್ಬಿಣ, ಉಕ್ಕುಗಳನ್ನ ಪರೀಕ್ಷೆ ಮಾಡಿ ದರ್ಜೆ ಕೊಡಬೇಕು, ಅದಕ್ಕೆ ಸರ್ಕಾರಿ ಲ್ಯಾಬ್‌ಗಳು ಬೇಕು ಅಂತ ವಾದಿಸುತ್ತಾ ಬಂದರು. 1914ರ ಮಾರ್ಚ್ 21ರಂದು ಹ್ಯಾನೋವರ್‌ನಲ್ಲಿ ತೀರಿಕೊಂಡರು. ತಮಾಷೆ ಅಂದರೆ, ನಾವು ಅವರ ಹೆಸರಲ್ಲಿ ಬಿಡಿಸೋ ಕರ್ವನ್ನ ಅವರು ಬಿಡಿಸಿರಲಿಲ್ಲ. ಅಂಕಿಗಳನ್ನ ಟೇಬಲ್‌ಗಳಲ್ಲಿ ಬರೆದಿಟ್ಟಿದ್ದರು, ಗ್ರಾಫ್ ಮಾಡಿದ್ದು ಅವರ ನಂತರ ಬಂದವರು.

ಇಷ್ಟೆಲ್ಲ ಓದಿದ ಮೇಲೆ ರೂಮ್‌ಮೇಟ್‌ಗೆ ಬೋಲ್ಟ್ ತೋರಿಸಿ, ತಪ್ಪು ಹಂಪ್‌ದೂ ಅಲ್ಲ, ನಿಂದೂ ಅಲ್ಲ, ನನ್ನದು ಅಂತ ಹೇಳಿದೆ. ಅವನು ಗದ್ದ ಸವರಿಕೊಂಡು, ಹೊಸ ಬೋಲ್ಟ್ ಹಾಕಿಸಿದ್ದೀಯಾ ಅಂತ ಮಾತ್ರ ಕೇಳಿದ. ಎರಡನ್ನೂ ಹೊಸದು ಹಾಕಿಸಿದ್ದೇನೆ. ಎಷ್ಟು ಬಿಗಿ ಮಾಡಬೇಕು ಅನ್ನೋದನ್ನ ಸಾಮಾನ್ಯವಾಗಿ ಸ್ಟೆಮ್ ಮೇಲೇ ಬರೆದಿರುತ್ತಾರೆ, ಎಂ5 ಬೋಲ್ಟ್‌ಗೆ ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಎರಡನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ತಿರುಗಿಸಬೇಕು. ನಿಮ್ಮ ಸೈಕಲ್‌ನಲ್ಲೂ ಕಿರ್ ಕಿರ್ ಅಂತಿದ್ದರೆ, ಇವತ್ತು ಸಂಜೆಯೇ ಒಮ್ಮೆ ಬಗ್ಗಿ ನೋಡಿ.