ಬಾಲಣ್ಣನ ಪಾಲು

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಲೆಕ್ಕಪತ್ರ, ನಿರ್ದೇಶಕರ ಫೋಟೋಗಳ ನಡುವೆ ಒಬ್ಬ ಸಿನಿಮಾ ನಟರ ಜೀವನ ಯಾಕಪ್ಪಾ ಬಂತು ಅಂತ ಕೆಲವು ಸದಸ್ಯರಿಗೆ ಅನ್ನಿಸಬಹುದು. ಅದೂ ಅಲ್ಲದೆ ಟಿ. ಎನ್. ಬಾಲಕೃಷ್ಣ ಅವರು ನಮ್ಮ ಸೀಮೆಯವರಲ್ಲ, ಹಾಸನ ಜಿಲ್ಲೆ ಅರಸೀಕೆರೆಯವರು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇವತ್ತಿಗೂ ಬಾಲಣ್ಣ ಅಂದರೆ ಸಾಕು, ಹಿರಿಯರ ಮುಖದಲ್ಲಿ ನಗು ಮೂಡುತ್ತೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ನಮ್ಮಲ್ಲಿ ಮೊದಲಿಂದಲೂ ತೆಲುಗು ಪಿಕ್ಚರುಗಳದ್ದೇ ಜೋರು. ಅಂಥ ಕಡೆಯಲ್ಲೂ ರೇಷ್ಮೆಗೂಡು ಮಾರಿ ಕೈಗೆ ನಾಲ್ಕು ಕಾಸು ಬಂದ ದಿನ ಕನ್ನಡ ಚಿತ್ರಕ್ಕೆ ಹೋಗುವವರು ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರೂ ಇದ್ದಾರಾ ಅಂತ ವಾಲ್‌ಪೋಸ್ಟರ್ ನೋಡಿಯೇ ಟೆಂಟಿನ ಒಳಗೆ ಹೋಗುತ್ತಿದ್ದರು. ಸಹಕಾರ ಸಂಘದ ಪುಸ್ತಕದಲ್ಲಿ ಅವರಿಗೆ ಜಾಗ ಕೊಡುವುದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ಮುಂದೆ ಬರುತ್ತೆ.

ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದವರಿಗೆಲ್ಲ ಇದರ ಕಷ್ಟ ಏನೆಂದು ಗೊತ್ತು. ಎದುರಿನ ಪಾತ್ರಧಾರಿ ಮಾತು ಮುಗಿಸಿದ್ದು ಕೇಳಿಸಬೇಕು, ಹಾರ್ಮೋನಿಯಂ ಶ್ರುತಿ ಕೇಳಿಸಬೇಕು, ಪಕ್ಕದ ಪರದೆ ಹಿಂದಿನಿಂದ ಮೇಷ್ಟ್ರು ಎತ್ತಿಕೊಟ್ಟ ಮಾತು ಕೇಳಿಸಬೇಕು. ಇದ್ಯಾವುದೂ ಸರಿಯಾಗಿ ಕೇಳಿಸದ ಮನುಷ್ಯ ರಂಗಕ್ಕೆ ಹತ್ತಿ ನಿಂತರೆ ಏನು ಗತಿ? ಬಾಲಕೃಷ್ಣ ಅವರು ತಮ್ಮ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಬಿಡುತ್ತಿದ್ದರು. ಅವರ ತುಟಿ ಅಲ್ಲಾಡುವುದನ್ನು ನೋಡಿಕೊಂಡು, ಯಾವಾಗ ನಿಂತಿತೋ ಆಗ ತಮ್ಮ ಮಾತು ಎತ್ತುತ್ತಿದ್ದರು. ನೋಡುವ ಜನಕ್ಕೆ ಇದು ಗೊತ್ತೇ ಆಗುತ್ತಿರಲಿಲ್ಲ. ಹಾಸ್ಯದಲ್ಲಿ ಒಂದು ಕ್ಷಣ ತಡವಾದರೂ ನಗು ಸತ್ತುಹೋಗುತ್ತೆ. ಕಿವಿ ಚೆನ್ನಾಗಿರುವವರೇ ಅಲ್ಲಿ ಎಡವುತ್ತಾರೆ. ಇವರು ಜೀವಮಾನವಿಡೀ ಆ ಕೆಲಸವನ್ನು ಕಣ್ಣಿನಿಂದಲೇ ನಡೆಸಿದರು.

ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದ ಮೇಲೆ 1943ರಲ್ಲಿ ಎಂ. ವಿ. ರಾಜಮ್ಮನವರ ರಾಧಾರಮಣ ಚಿತ್ರದಿಂದ ಅವರು ಬೆಳ್ಳಿತೆರೆಗೆ ಬಂದರು. ಜಿ. ವಿ. ಅಯ್ಯರ್ ಅವರೂ ಬಂದದ್ದು ಅದೇ ಚಿತ್ರದಿಂದ. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು. ಅವೂ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕಲಾವಿದರು ಅಲ್ಲೇ ಬಾಡಿಗೆ ಮನೆ ಹಿಡಿದು ಕರೆ ಬರುವುದನ್ನೇ ಕಾಯಬೇಕು. ಹೀರೋಗಳಿಗೇ ಕೆಲಸವಿಲ್ಲದ ಕಾಲದಲ್ಲಿ ಪೋಷಕ ನಟರ ಪಾಡು ಹೇಳುವುದೇ ಬೇಡ.

ಸಹಕಾರದ ಮಾತು ಬರುವುದು ಇಲ್ಲೇ. ಐವತ್ತರ ದಶಕದ ಕೊನೆಗೆ ಕನ್ನಡ ಚಿತ್ರಗಳು ತೀರಾ ಕಮ್ಮಿಯಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಸೇರಿಕೊಂಡು ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಸಿನಿಮಾದಲ್ಲಿ ಹೆಸರಾದವರು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರು ತಿರುಗಿ ನಾಟಕ ಆಡಿದರು. ಆಮೇಲೆ ಸಂಘದಿಂದಲೇ ಚಿತ್ರ ತೆಗೆದರು. ಅದೇ 1960ರ ರಣಧೀರ ಕಂಠೀರವ, ಎನ್. ಸಿ. ರಾಜನ್ ನಿರ್ದೇಶನ. ಪರದೆಯ ಮೇಲೆ ರಾಜ್‌ಕುಮಾರ್ ಮೈಸೂರಿನ ಅರಸರಾಗಿ ಮೆರೆದರು, ಆದರೆ ಸಂಘದೊಳಗೆ ನಾಯಕ, ಹಾಸ್ಯಗಾರ, ಖಳ, ಬರಹಗಾರ ಎಲ್ಲರೂ ಒಂದೇ ಸಾಲಿನಲ್ಲಿ ಕೂತ ಪಾಲುದಾರರು. ಪೋಷಕ ನಟ ಎಂದರೆ ಕೂಲಿಗೆ ಬರುವವನು ಎಂದುಕೊಂಡಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಚಿತ್ರ ಗೆದ್ದಿತು.

ಅಲ್ಲಿಂದ ಮುಂದೆ ಬಾಲಣ್ಣ ಇಲ್ಲದ ಕನ್ನಡ ಚಿತ್ರ ಹುಡುಕುವುದೇ ಕಷ್ಟವಾಯಿತು. ಒಟ್ಟು 500ಕ್ಕೂ ಮೀರಿ ಚಿತ್ರಗಳು. ಅಣ್ಣ ತಮ್ಮಂದಿರ ನಡುವೆ ಕಡ್ಡಿ ಆಡಿಸುವ ಶಕುನಿ, ಜಿಪುಣ, ಪುಕ್ಕಲ, ಮನೆ ಮುರುಕ — ಎಲ್ಲವೂ ಅವರ ಪಾಲಿಗೆ ಬಂದವು. ನಮ್ಮ ಅಭಿಪ್ರಾಯದಲ್ಲಿ ಅವರ ಕುತಂತ್ರಿ ಪಾತ್ರಗಳು ಬರೀ ಹಾಸ್ಯಕ್ಕಿಂತ ಒಂದು ಕೈ ಮೇಲು. ಜನ ಬೈಯುತ್ತಾ ಬೈಯುತ್ತಾ ನಗುತ್ತಿದ್ದರು, ಅದನ್ನು ಸಾಧಿಸಿದವರು ಕಮ್ಮಿ. ಬೇಸಾಯಗಾರರಾದ ನಮಗೆ ಮಾತ್ರ 1972ರ ಬಂಗಾರದ ಮನುಷ್ಯ ಚಿತ್ರದ ರಾಚೂಟಪ್ಪನೇ ಹತ್ತಿರದವನು. ಬಂಡೆ ಜಮೀನನ್ನು ಹಸನು ಮಾಡಲು ಹೊರಟ ರಾಜೀವನ ಬೆನ್ನಿಗೆ ನಿಲ್ಲುವ ಹಳ್ಳಿಯ ಹಿರಿಯ ಅವನು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಆ ಚಿತ್ರ ನೋಡಿ ಪೇಟೆ ಬಿಟ್ಟು ಊರಿಗೆ ವಾಪಸು ಬಂದ ಹುಡುಗರ ಮಾತು ನಾಡಿನ ಎಲ್ಲ ಕಡೆ ಕೇಳಿಬರುತ್ತೆ.

ಇನ್ನು ಸ್ಟುಡಿಯೋ ವಿಷಯ. ಕನ್ನಡ ಚಿತ್ರ ಕನ್ನಡ ನೆಲದಲ್ಲೇ ತಯಾರಾಗಬೇಕು ಅನ್ನೋದು ಅವರಿಗೆ ಹಿಡಿದ ಹಟ. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಆಯಿತು, ಅದು ಸರ್ಕಾರದ್ದು. ಬಾಲಕೃಷ್ಣ ಅವರಿಗೆ ಮೈಸೂರು ರಸ್ತೆಯಲ್ಲಿ ಕೆಂಗೇರಿ ಬಳಿಯ ಮೈಲಸಂದ್ರದಲ್ಲಿ 1970ರ ಸುಮಾರಿಗೆ ಸರ್ಕಾರ 20 ಎಕರೆ ಕೊಟ್ಟಿತು, ಸ್ಟುಡಿಯೋಗೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ. ಹೆಸರು ಅಭಿಮಾನ್ ಸ್ಟುಡಿಯೋ. ನಟನೆಯಲ್ಲಿ ದುಡಿದದ್ದನ್ನು ಅಲ್ಲಿಗೇ ಸುರಿದರು. ಸಂಪಾದನೆ ಪೋಷಕ ನಟನದ್ದು, ಖರ್ಚು ಸ್ಟುಡಿಯೋದ್ದು, ಸರಿದೂಗುವುದು ಹೇಗೆ? ಫ್ಲೋರು, ಲೈಟು, ಕ್ಯಾಮೆರಾ ಅಂತ ಒಂದಾದ ಮೇಲೊಂದು ಬೇಡುವ ಕೆಲಸ ಅದು. ಈ ಸಲ ಹೆಗಲು ಕೊಡಲು ಆ ನಾಲ್ವರ ಸಂಘವಿರಲಿಲ್ಲ, ಭಾರ ಒಬ್ಬರ ಮೇಲೇ ಬಿತ್ತು. ಅವರು ಅಂದುಕೊಂಡ ಮಟ್ಟಕ್ಕೆ ಸ್ಟುಡಿಯೋ ಏರಲೇ ಇಲ್ಲ. ಇದನ್ನು ಅವರ ಸೋಲು ಅನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ. ಲಾಭ ಬೇಕಿದ್ದರೆ ಆ ದುಡ್ಡಿಗೆ ಬೆಂಗಳೂರಲ್ಲಿ ನಾಲ್ಕು ಸೈಟು ತೆಗೆದುಕೊಂಡು ಸುಮ್ಮನಿರಬಹುದಿತ್ತು.

ನರಸಿಂಹರಾಜು ಅವರು 1979ರಲ್ಲೇ ತೀರಿಕೊಂಡರು. ಬಾಲಕೃಷ್ಣ ಅವರು ಮುಪ್ಪಿನಲ್ಲೂ ಬಣ್ಣ ಹಚ್ಚುತ್ತಿದ್ದರು. 1995ರ ಜುಲೈನಲ್ಲಿ ನಿಧನರಾದರು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಭಿಮಾನ್ ಸ್ಟುಡಿಯೋ ಆವರಣದಲ್ಲಿ ನಡೆದ ಮೇಲೆ ಹೊಸ ತಲೆಮಾರಿಗೆ ಆ ಜಾಗದ ಹೆಸರು ಗೊತ್ತಾಯಿತು. ಜಮೀನಿನ ವ್ಯಾಜ್ಯ ವರ್ಷಗಟ್ಟಲೆ ನಡೆದು, 2025ರ ಆಗಸ್ಟಿನಲ್ಲಿ ಆ ಸಮಾಧಿಯನ್ನು ಕೆಡವಿದಾಗ ಪೇಪರಿನಲ್ಲಿ ಮತ್ತೆ ಮತ್ತೆ ಅಭಿಮಾನ್ ಹೆಸರು ಬಂತು. ಆ 20 ಎಕರೆ ಮೊದಲು ಯಾರ ಕೈಗೆ, ಯಾವ ಕೆಲಸಕ್ಕೆ ಅಂತ ಕೊಟ್ಟದ್ದು ಎಂದು ನಮ್ಮ ಹುಡುಗರು ಕೇಳಿದರೆ ಹೇಳಲು ಈ ನಾಲ್ಕು ಮಾತು ಇಲ್ಲಿ ಬರೆದಿಟ್ಟಿದ್ದೇವೆ.