ಮಾತಿನ ನೆಲೆ ಕಂಡ ಪಾಲ್ ಬ್ರೋಕಾ

ಹೇಳಬೇಕಾದುದು ಮನಸ್ಸಿನಲ್ಲಿದೆ, ನಾಲಿಗೆಯೂ ಆಡುತ್ತದೆ. ಆದರೂ ಮಾತು ಹೊರಡದು. ಇದಕ್ಕೆ ಆಧಾರಸಹಿತವಾಗಿ ಕಾರಣ ತೋರಿಸಿ ಹೆಸರಾದವರು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ.

1824ರ ಜೂನ್ 28ರಂದು ಬೋರ್ಡೋ ಸಮೀಪದ ಸಣ್ಣ ಪಟ್ಟಣವೊಂದರಲ್ಲಿ ಅವರು ಜನಿಸಿದರು. ತಂದೆಯೂ ವೈದ್ಯರೇ. ಹದಿನೇಳನೆಯ ವಯಸ್ಸಿನಲ್ಲಿ ಪ್ಯಾರಿಸಿನಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ತೊಡಗಿದರು. 1859ರಲ್ಲಿ ಅಲ್ಲಿ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದರು.

1861ರ ಏಪ್ರಿಲಿನಲ್ಲಿ ಬಿಸೆತ್ರ್ ಆಸ್ಪತ್ರೆಯ ರೋಗಿಯೊಬ್ಬನನ್ನು ಕಾಲಿನ ಬೇನೆಗಾಗಿ ಅವರ ಬಳಿಗೆ ತಂದರು. ಹೆಸರು ಲೆಬೋರ್ನ್, ವಯಸ್ಸು 51. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು ‘ತಾನ್’ ಎಂಬ ಸದ್ದು. ಆಸ್ಪತ್ರೆಯಲ್ಲಿ ಅದೇ ಅವನ ಹೆಸರಾಗಿತ್ತು. ಆದರೆ ಅವನ ಬುದ್ಧಿ ಕೆಟ್ಟಿರಲಿಲ್ಲ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರೆ, ಅಂಗೈಯನ್ನು ನಾಲ್ಕು ಸಲ ಬಿಡಿಸಿ ಒಂದು ಬೆರಳು ಸೇರಿಸುತ್ತಿದ್ದ. ಲೆಕ್ಕ ಸರಿ, 21 ವರ್ಷ.

ಏಪ್ರಿಲ್ 17ರಂದು ಆತ ತೀರಿಕೊಂಡ. ಶವಪರೀಕ್ಷೆಯಲ್ಲಿ ಮಿದುಳಿನ ಮುಂಭಾಗದ ಎಡಬದಿ ಹಾಳಾಗಿದ್ದುದು ಕಂಡಿತು. ಅದೇ ವರ್ಷ, ಐದೇ ಮಾತು ಉಳಿದಿದ್ದ ಮುದುಕನೊಬ್ಬನಲ್ಲೂ ಅದೇ ಜಾಗ ಕೆಟ್ಟಿತ್ತು. ಇನ್ನಷ್ಟು ರೋಗಿಗಳನ್ನು ಪರೀಕ್ಷಿಸಿ, 1865ರಲ್ಲಿ ಮಾತಿಗೆ ಎಡಮಿದುಳು ಮುಖ್ಯವೆಂದು ಬ್ರೋಕಾ ಸಾರಿದರು. ಆ ಜಾಗಕ್ಕೆ ಇಂದಿಗೂ ಅವರದೇ ಹೆಸರು.

ಆತ ಕಳೆದುಕೊಂಡದ್ದು ಪದಗಳ ಅರ್ಥವನ್ನಲ್ಲ, ಅವುಗಳನ್ನು ಉಚ್ಚರಿಸುವ ಕ್ರಮದ ನೆನಪನ್ನು ಎಂದು ಬ್ರೋಕಾ ಊಹಿಸಿದರು. ನೆನಪಿನಲ್ಲಿ ಎರಡು ಬಗೆ. ಊರಿನ ಹೆಸರು ನೆನಪಿರುವುದು ಒಂದು. ಕಲಿತ ಈಜನ್ನು ಕೈಕಾಲು ಮರೆಯದಿರುವುದು ಇನ್ನೊಂದು. ಇವೆರಡೂ ಪ್ರಾಣಿಗಳಿಗೂ ಉಂಟು. ಮಾತು ಹುಟ್ಟುವ ಮೊದಲೇ ಇದ್ದವು. ಪದಗಳು ಮೊದಲನೆಯದನ್ನು, ವ್ಯಾಕರಣ ಎರಡನೆಯದನ್ನು ಆಶ್ರಯಿಸಿ ಮಾನವನ ಭಾಷೆ ಬೆಳೆಯಿತೆಂದು ಇಂದಿನ ಕೆಲವು ವಿಜ್ಞಾನಿಗಳ ಅಭಿಪ್ರಾಯ. ಬ್ರೋಕಾ ಪ್ರದೇಶವನ್ನು ಅವರು ಎರಡನೆಯದಕ್ಕೆ ಸೇರಿಸುತ್ತಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ಬ್ರೋಕಾ ಎಡವಿದ್ದೂ ಉಂಟು. ಮಿದುಳನ್ನು ತೂಗಿ, ತಲೆಬುರುಡೆ ಅಳೆದು, ಸ್ತ್ರೀಯರನ್ನೂ ಅನ್ಯ ಜನಾಂಗಗಳನ್ನೂ ಕೀಳೆಂದು ಎಣಿಸಿದರು. ಆ ವಾದ ಬಿದ್ದುಹೋಗಿದೆ. ಆದರೆ ತಾನ್‌ನ ಮಿದುಳನ್ನು ಅವರು ಕತ್ತರಿಸದೆ ಕಾದಿರಿಸಿದ್ದು ದೊಡ್ಡ ಉಪಕಾರ. 2007ರಲ್ಲಿ ಪ್ರಕಟವಾದ ಎಂ.ಆರ್.ಐ. ಪರೀಕ್ಷೆಯಿಂದ, ಹಾನಿ ಬ್ರೋಕಾ ಕಂಡುದಕ್ಕಿಂತ ಆಳಕ್ಕೆ ಇಳಿದಿತ್ತೆಂದು ತಿಳಿಯಿತು.

1880ರಲ್ಲಿ ಸೆನೆಟ್ ಸದಸ್ಯರಾದ ಅವರು ಅದೇ ವರ್ಷದ ಜುಲೈ 9ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು.

ಪಾರ್ಶ್ವವಾಯು ಬಡಿದು ಮಾತು ನಿಂತ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಅವರಿಗೆ ಏನೂ ತಿಳಿಯದೆಂದು ಎದುರಿನಲ್ಲೇ ಆಡಿಕೊಳ್ಳುವವರೂ ಇದ್ದಾರೆ. ಹಾಗೆ ಆಡುವ ಮುನ್ನ ತಾನ್‌ನ ಆ ಕೈಬೆರಳುಗಳನ್ನು ನೆನೆಯುವುದು ಒಳ್ಳೆಯದು.